ಹಳೆ ಗಾಡಿಯ ಸ್ಟೀರಿಯೋದಲ್ಲಿ ಓಡುವ ಹಾಡಿನ ಸಿಡಿ ಬರ್ನ್ ಮಾಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ತಿಕೋಟಾ ಕಡೆ ನಮ್ಮ ಮಾವನ ದ್ರಾಕ್ಷಿ ತೋಟವಿದೆ. ಹಣ್ಣಿನ ಕಾಲಕ್ಕೆ ಹಕ್ಕಿ ಕಾಟ ಜಾಸ್ತಿ. ಅದಕ್ಕೆ ಸಾಲಿನ ತಂತಿಗೆ ಅಲ್ಲಲ್ಲಿ ಸಿಡಿ ಕಟ್ಟಿದ್ದಾರೆ. ಗಾಳಿಗೆ ತಿರುಗಿ ಫಳ್ ಅಂತ ಹೊಳೆದರೆ ಹಕ್ಕಿ ದೂರ ಹೋಗುತ್ತವಂತೆ. ಅದರಲ್ಲಿ ಹನ್ನೊಂದು ಸಿಡಿ ನಾನು ಕೊಟ್ಟಿದ್ದು. ಹನ್ನೊಂದೂ ನಾನೇ ಬರ್ನ್ ಮಾಡಿದ್ದು (ಅಂದರೆ ಕಂಪ್ಯೂಟರಿನಿಂದ ಖಾಲಿ ಸಿಡಿಗೆ ಹಾಡು ಬರೆದದ್ದು), ಹನ್ನೊಂದೂ ನನ್ನ ಕಾರಿನಲ್ಲಿ ಸರಿಯಾಗಿ ಹಾಡದೆ ಸತ್ಯಾಗ್ರಹ ಮಾಡಿದ್ದು.

ಕಾರು ಸೆಕೆಂಡ್ ಹ್ಯಾಂಡ್. ಸ್ಟೀರಿಯೋಗೆ ಯುಎಸ್‌ಬಿ ಇಲ್ಲ, ಫೋನಿನ ತಂತಿ ಚುಚ್ಚುವ ಆಕ್ಸ್ ತೂತು ಇಲ್ಲ, ಬ್ಲೂಟೂತ್ ಅಂತೂ ಕೇಳಲೇಬೇಡಿ. ಸಿಡಿ ತೂರಿಸಲು ಒಂದು ಸೀಳು ಬಾಯಿ ಇದೆ, ಅಷ್ಟೇ. ವಿಜಯಪುರದಿಂದ ಬಾಗಲಕೋಟೆ ನವನಗರದ ಅಕ್ಕನ ಮನೆಗೆ ತಿಂಗಳಿಗೆ ಎರಡು ಸಲವಾದರೂ ಹೋಗುತ್ತೇನೆ. ಕೊಲ್ಹಾರದಲ್ಲಿ ಮೊಸರಿಗೆ ನಿಲ್ಲುವುದನ್ನೂ ಸೇರಿಸಿದರೆ ಹತ್ತಿರ ಹತ್ತಿರ ಎರಡು ಗಂಟೆ. ಹಾಡಿಲ್ಲದೆ ಆ ದಾರಿ ಮುಗಿಯುವುದೇ ಇಲ್ಲ.

ನಿಮ್ಮ ಸ್ಟೀರಿಯೋಗೆ ಯುಎಸ್‌ಬಿ ತೂತು ಇದ್ದರೆ ಈ ತಾಪತ್ರಯವೇ ಬೇಡ. ಪೆನ್‌ಡ್ರೈವ್‌ಗೆ ಹಾಡು ತುಂಬಿಕೊಂಡು ಆರಾಮಾಗಿರಿ. ಇದು ನನ್ನಂಥವರಿಗೆ. ಹಳೆ ಕಾರು, ಹಳೆ ಕ್ರೂಸರ್ ಇರುವವರಿಗೆ, ಸ್ಟೀರಿಯೋ ಬದಲಿಸಲು ಡ್ಯಾಶ್‌ಬೋರ್ಡ್ ಬಿಚ್ಚಿಸುವ ಮನಸ್ಸಿಲ್ಲದವರಿಗೆ. ಫೋನಿನ ಹಾಡನ್ನು ಗಾಡಿಯ ರೇಡಿಯೋಗೆ ಕಳಿಸುವ ಎಫ್‌ಎಂ ಟ್ರಾನ್ಸ್‌ಮಿಟರ್ ಕೂಡ ಹಾಕಿ ನೋಡಿದೆ. ಊರು ಬದಲಾದಂತೆ ಹಾಡಿನ ಮಧ್ಯೆ ಗರಗರ ಶುರುವಾಗುತ್ತದೆ. ಸಿಡಿಗೆ ಆ ರೋಗವಿಲ್ಲ, ನಡುವೆ ಫೋನ್ ಕರೆಯೂ ಬರುವುದಿಲ್ಲ.

ಹನ್ನೊಂದು ಡಿಸ್ಕ್ ಹಾಳಾದ ಮೇಲೆ ತಿಳಿದದ್ದು ಇಷ್ಟು: ನನ್ನ ಹಾಡೂ ಕೆಟ್ಟಿರಲಿಲ್ಲ, ಕಂಪ್ಯೂಟರೂ ಕೆಟ್ಟಿರಲಿಲ್ಲ. ಸ್ಟೀರಿಯೋ ಕೇಳುತ್ತಿದ್ದ ಜಾತಿಯ ಡಿಸ್ಕ್ ಒಂದು, ನಾನು ಮಾಡುತ್ತಿದ್ದದ್ದು ಇನ್ನೊಂದು.

ಮೊದಲು ಸ್ಟೀರಿಯೋ ಮುಖ ನೋಡಿ

ಕಂಪ್ಯೂಟರ್ ಆನ್ ಮಾಡುವ ಮೊದಲು ಗಾಡಿ ಹತ್ತಿರ ಹೋಗಿ. ಸ್ಟೀರಿಯೋ ಮುಖದ ಮೇಲೆ ಸಣ್ಣ ಅಕ್ಷರ ಇರುತ್ತವೆ, ಅದನ್ನು ಓದಿ. ಧೂಳಿದ್ದರೆ ಒರೆಸಿ.

ಬರೀ 'ಕಾಂಪ್ಯಾಕ್ಟ್ ಡಿಸ್ಕ್ ಡಿಜಿಟಲ್ ಆಡಿಯೋ' ಅನ್ನುವ ಲೋಗೋ ಇದ್ದರೆ ಅದಕ್ಕೆ ಆಡಿಯೋ ಸಿಡಿ ಮಾತ್ರ ಗೊತ್ತು. ಅಂದರೆ ಹಿಂದೆ ಅಂಗಡಿಯಲ್ಲಿ ಸಿಗುತ್ತಿದ್ದ ಹಾಡಿನ ಸಿಡಿಯ ಜಾತಿ. 'ಎಂಪಿ3' ಅಂತಲೂ ಬರೆದಿದ್ದರೆ ಎಂಪಿ3 ಫೈಲ್ ತುಂಬಿದ ಡಿಸ್ಕ್ ಕೂಡ ಓದುತ್ತದೆ. ಪಕ್ಕದಲ್ಲಿ 'ಡಬ್ಲ್ಯೂಎಂಎ' ಇದ್ದರೂ ಅದರ ಗೊಡವೆ ಬೇಡ, ಎಂಪಿ3ಯಲ್ಲೇ ಇರಿ. ಏನೂ ಬರೆದಿಲ್ಲವಾದರೆ ಆಡಿಯೋ ಸಿಡಿ ಅಂತಲೇ ತಿಳಿದುಕೊಳ್ಳಿ. ಆಡಿಯೋ ಸಿಡಿಯನ್ನು ಎರಡೂ ಬಗೆಯ ಸ್ಟೀರಿಯೋ ಹಾಡುತ್ತವೆ.

ಎರಡಕ್ಕೂ ವ್ಯತ್ಯಾಸ ಏನು? ಆಡಿಯೋ ಸಿಡಿಯಲ್ಲಿ ಫೈಲ್ ಅನ್ನುವುದೇ ಇರುವುದಿಲ್ಲ. ಸದ್ದಿನ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು ಆ ಅಂಕಿಗಳನ್ನೇ ಸಾಲಾಗಿ ಬರೆದಿರುತ್ತದೆ. ಫಿಲಿಪ್ಸ್ ಮತ್ತು ಸೋನಿ ಸೇರಿ 1980ರಲ್ಲಿ ಮಾಡಿದ ನಿಯಮ ಅದು, ಇವತ್ತಿಗೂ ಬದಲಾಗಿಲ್ಲ. ಎಂಪಿ3 ಸಿಡಿ ಅಂದರೆ ಬರೀ ಫೈಲ್ ತುಂಬಿದ ಚೀಲ. ಆ ಚೀಲ ಬಿಚ್ಚಿ, ಫೈಲ್ ಹುಡುಕಿ, ಒತ್ತಿ ಮಡಚಿಟ್ಟ ಹಾಡನ್ನು ಬಿಡಿಸಿ ಹಾಡುವ ಬುದ್ಧಿ ಸ್ಟೀರಿಯೋಗೇ ಇರಬೇಕು. ಹಳೆಯದಕ್ಕೆ ಅದಿಲ್ಲ.

ನಿಮಿಷದ ಲೆಕ್ಕ, ಎಂಬಿ ಲೆಕ್ಕ

ಖಾಲಿ ಸಿಡಿ ಮೇಲೆ '700 ಎಂಬಿ, 80 ನಿಮಿಷ' ಅಂತ ಇರುತ್ತದೆ. ಆಡಿಯೋ ಸಿಡಿಗೆ 80 ನಿಮಿಷವಷ್ಟೇ ಲೆಕ್ಕ. ನಿಮ್ಮ ಫೈಲ್ 3 ಎಂಬಿ ಇರಲಿ, 12 ಎಂಬಿ ಇರಲಿ, ಐದು ನಿಮಿಷದ ಹಾಡು ಐದು ನಿಮಿಷದ ಜಾಗವನ್ನೇ ತಿನ್ನುತ್ತದೆ. ಒಟ್ಟು ಹದಿನೈದು ಹದಿನಾರು ಹಾಡು ಹಿಡಿಸುತ್ತವೆ. '700 ಎಂಬಿ ಇದೆಯಲ್ಲ, ನೂರು ಹಾಡು ಹಾಕು' ಅಂದರೆ ಆಗುವುದಿಲ್ಲ.

ಲೆಕ್ಕದಲ್ಲಿ ಚುರುಕು ಇರುವವರು ಇಲ್ಲಿ ಒಂದು ತಕರಾರು ತೆಗೆಯುತ್ತಾರೆ. ಆಡಿಯೋ ಸಿಡಿಯಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ ಆಗುತ್ತದೆ, 80 ನಿಮಿಷಕ್ಕೆ 800 ಎಂಬಿ, 700ರಲ್ಲಿ ಹೇಗೆ ಹಿಡಿಯಿತು? ಡಿಸ್ಕ್‌ನ ಒಂದೊಂದು ತುಣುಕಿನಲ್ಲಿ 2352 ಬೈಟ್ ಜಾಗವಿದೆ. ಫೈಲ್ ಬರೆದರೆ ಅದರಲ್ಲಿ 2048 ಮಾತ್ರ ನಿಮಗೆ, ಉಳಿದದ್ದು ತಪ್ಪು ತಿದ್ದಿಕೊಳ್ಳಲು ಮತ್ತು ವಿಳಾಸಕ್ಕೆ. ಹಾಡಿಗೆ ಪೂರ್ತಿ 2352 ಸಿಗುತ್ತದೆ. ಒಂದು ಬೈಟ್ ತಪ್ಪಿದರೆ ಫೈಲ್ ಕೆಡುತ್ತದೆ, ಹಾಡಿನಲ್ಲಿ ಕಿವಿಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಈ ಭೇದ.

ಎಂಪಿ3 ಸಿಡಿಗೆ ಎಂಬಿಯೇ ಲೆಕ್ಕ. 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಹಾಡು ನಿಮಿಷಕ್ಕೆ ಸುಮಾರು 1 ಎಂಬಿ, ಹಾಗಾಗಿ ಒಂದು ಡಿಸ್ಕ್‌ನಲ್ಲಿ 12 ಗಂಟೆ. 192ಕ್ಕೆ 8 ಗಂಟೆ, 320ಕ್ಕೆ 5 ಗಂಟೆ. ಗಾಡಿಯ ಎಂಜಿನ್ ಸದ್ದು, ಕಿಟಕಿ ಗಾಳಿ ಎಲ್ಲ ಸೇರಿದಾಗ 192ಕ್ಕೂ 320ಕ್ಕೂ ಯಾರಿಗೂ ವ್ಯತ್ಯಾಸ ತಿಳಿಯದು. ನಾನು 192ರಲ್ಲೇ ಇರುತ್ತೇನೆ. 128ರ ಫೈಲನ್ನು 320ಕ್ಕೆ ಬದಲಿಸಿದರೆ ಗುಣ ಹೆಚ್ಚುವುದಿಲ್ಲ. ಮಜ್ಜಿಗೆಯನ್ನು ದೊಡ್ಡ ಪಾತ್ರೆಗೆ ಸುರಿದರೆ ಮೊಸರಾಗುತ್ತದಾ?

ಖಾಲಿ ಡಿಸ್ಕ್ ಮತ್ತು ರೈಟರ್

ತರಬೇಕಾದ್ದು ಸಿಡಿ-ಆರ್, ಅಂದರೆ ಒಂದೇ ಸಲ ಬರೆಯಬಹುದಾದ ಸಿಡಿ. ಸಿಡಿ-ಆರ್‌ಡಬ್ಲ್ಯೂ ಅಲ್ಲ, ಡಿವಿಡಿ-ಆರ್ ಅಂತೂ ಅಲ್ಲವೇ ಅಲ್ಲ. ನೋಡಲು ಮೂರೂ ಒಂದೇ ತರ ಇರುವುದರಿಂದ ಅಂಗಡಿಯವರೂ ಒಮ್ಮೊಮ್ಮೆ ತಪ್ಪುತ್ತಾರೆ. ಡಿವಿಡಿಯನ್ನು ಸಿಡಿ ಸ್ಟೀರಿಯೋ ಮುಟ್ಟುವುದೇ ಇಲ್ಲ. ಆರ್‌ಡಬ್ಲ್ಯೂ ಅಳಿಸಿ ಮತ್ತೆ ಬರೆಯಬಹುದು ಅಂತ ಆಸೆ ಹುಟ್ಟಿಸುತ್ತದೆ. ಆದರೆ ಲೇಸರ್ ಬೆಳಕನ್ನು ಅದು 15ರಿಂದ 25 ಪರ್ಸೆಂಟ್ ಮಾತ್ರ ಹಿಂದಕ್ಕೆ ಕಳಿಸುತ್ತದೆ. ಸಿಡಿ-ಆರ್ 65ಕ್ಕಿಂತ ಜಾಸ್ತಿ ಕಳಿಸುತ್ತದೆ. ಹಳೆ ಸ್ಟೀರಿಯೋದ ಕಣ್ಣಿಗೆ ಆರ್‌ಡಬ್ಲ್ಯೂ ಅಂದರೆ ಬರೀ ಕತ್ತಲೆ.

ಈಗ ಖಾಲಿ ಸಿಡಿ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಹಳೆ ಕಂಪ್ಯೂಟರ್ ಅಂಗಡಿಯಲ್ಲಿ, ಮದುವೆ ಫೋಟೋ ಸ್ಟುಡಿಯೋದಲ್ಲಿ ಕೇಳಿ ನೋಡಿ. ವರ್ಷಗಟ್ಟಲೆ ಬಿಸಿಲು ಬೀಳುವ ಶೋಕೇಸಿನಲ್ಲಿ ಕೂತ ಡಿಸ್ಕ್ ಬೇಡ, ಲೇಸರ್ ಹಾಡು ಬರೆಯುವ ಅದರ ಒಳಗಿನ ಬಣ್ಣವೇ ಬಿಸಿಲಿಗೆ ಸೋತಿರುತ್ತದೆ. ಒಂದು ಬಿಚ್ಚಿಸಿ ಕೆಳಮೈ ನೋಡಿ. ಬಣ್ಣ ಎಲ್ಲ ಕಡೆ ಒಂದೇ ಸಮ ಇರಬೇಕು, ಅಂಚಿನಲ್ಲಿ ಚುಕ್ಕೆ ಇರಬಾರದು. ಎಂಟು ಸೆಂಟಿಮೀಟರಿನ ಪುಟಾಣಿ ಸಿಡಿಯನ್ನು ಸೀಳು ಬಾಯಿಯ ಸ್ಟೀರಿಯೋಗೆ ತೂರಿಸಬೇಡಿ, ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಇರುವುದಿಲ್ಲವಲ್ಲ, ಅದಕ್ಕೆ ಯುಎಸ್‌ಬಿಗೆ ಹಾಕುವ ಚಪ್ಪಟೆ ಡಿವಿಡಿ ರೈಟರ್ ಸಿಗುತ್ತದೆ. ಅದು ಸಿಡಿಯನ್ನೂ ಬರೆಯುತ್ತದೆ. ನೇರ ಕಂಪ್ಯೂಟರಿಗೇ ಚುಚ್ಚಿ, ಒಂದು ತೂತನ್ನು ಹಲವು ಮಾಡುವ ಹಬ್ ಬೇಡ. ಕರೆಂಟ್ ಸಾಲದಿದ್ದರೆ ಅರ್ಧಕ್ಕೇ ನಿಲ್ಲುತ್ತದೆ, ಡಿಸ್ಕ್ ಹೋಯಿತು. ಲ್ಯಾಪ್‌ಟಾಪ್ ಚಾರ್ಜರ್ ಹಾಕಿರಲಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಕೂರಬೇಡಿ. ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಹೇಳಬೇಕಾ?

ಹಾಡು ಜೋಡಿಸುವುದು

ನಿಜವಾದ ಕೆಲಸ ಇಲ್ಲಿದೆ, ಬರ್ನ್ ಮಾಡುವುದು ಕೊನೆಯ ಐದು ನಿಮಿಷ ಅಷ್ಟೇ. ಡೆಸ್ಕ್‌ಟಾಪ್ ಮೇಲೆ ಒಂದು ಹೊಸ ಫೋಲ್ಡರ್ ಮಾಡಿ. ದುಡ್ಡು ಕೊಟ್ಟು ತಂದ ಹಾಡು, ನಿಮ್ಮ ಹಳೆ ಸಿಡಿಯಿಂದ ತೆಗೆದ ಹಾಡು, ಊರ ಭಜನೆಯ ರೆಕಾರ್ಡಿಂಗ್, ಎಲ್ಲವನ್ನೂ ಅಲ್ಲಿಗೆ ಕಾಪಿ ಮಾಡಿ.

ಆಮೇಲೆ ಫೈಲ್ ಹೆಸರಿನ ಬಾಲ ನೋಡಿ. ವಾಟ್ಸಾಪ್ ಧ್ವನಿ ಸಂದೇಶ ಓಪಸ್ ಇರುತ್ತದೆ, ಫೋನಿನ ರೆಕಾರ್ಡಿಂಗ್ ಎಂ4ಎ ಇರುತ್ತದೆ. ಎಂಪಿ3 ಅಲ್ಲದ್ದನ್ನೆಲ್ಲ ಎಂಪಿ3 ಮಾಡಿಕೊಳ್ಳಿ. ವಿಎಲ್‌ಸಿ ಪ್ಲೇಯರ್ ಇದ್ದರೆ ಸಾಕು. 'ಮೀಡಿಯಾ' ಮೆನುವಿನಲ್ಲಿ 'ಕನ್ವರ್ಟ್/ಸೇವ್' ಒತ್ತಿ, ಫೈಲ್ ಸೇರಿಸಿ, 'ಆಡಿಯೋ - ಎಂಪಿ3' ಆರಿಸಿ. ಬಾಲದ ಅಕ್ಷರ ಅಳಿಸಿ ಸುಮ್ನೆ 'ಎಂಪಿ3' ಅಂತ ಟೈಪ್ ಮಾಡಿದರೆ ಫೈಲ್ ಬದಲಾಗುವುದಿಲ್ಲ. ಹೆಸರು ಬದಲಿಸಿದ ಮಾತ್ರಕ್ಕೆ ಜೋಳ ಗೋಧಿ ಆಗುವುದಿಲ್ಲವಲ್ಲ.

ಇನ್ನು ಹೆಸರು. ಆಡಿಯೋ ಸಿಡಿಗೆ ಫೈಲ್ ಹೆಸರು ಮುಖ್ಯವಲ್ಲ. ಎಂಪಿ3 ಸಿಡಿಗೆ ಬಹಳ ಮುಖ್ಯ. ಕನ್ನಡ ಲಿಪಿಯಲ್ಲಿ ಹೆಸರಿಟ್ಟರೆ ಹಳೆ ಸ್ಟೀರಿಯೋ ಪರದೆಯಲ್ಲಿ ಚೌಕ ಚೌಕ ಕಾಣುತ್ತದೆ, ಇಲ್ಲವೇ ಖಾಲಿ. ಬೇಜಾರಿನ ಸಂಗತಿಯೇ, ಆದರೆ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಚಿಕ್ಕದಾಗಿ ಇಡಿ. ಮುಂದೆ ನಂಬರ್ ಹಾಕಿ: 01, 02, 03 ಅಂತ. ಬರೀ 1, 2 ಅಂತ ಹಾಕಿದರೆ ಸ್ಟೀರಿಯೋ ಒಂದಾದ ಮೇಲೆ ಹತ್ತು, ಹನ್ನೊಂದು ಹಾಡಿ ಆಮೇಲೆ ಎರಡಕ್ಕೆ ಬರುತ್ತದೆ. ನೂರು ದಾಟಿದರೆ 001ರಿಂದ ಶುರು ಮಾಡಿ.

ಫೋಲ್ಡರ್ ಒಳಗೆ ಫೋಲ್ಡರ್, ಅದರೊಳಗೆ ಇನ್ನೊಂದು, ಹೀಗೆ ಬೇಡ. ನಾನು ನಾಲ್ಕು ಫೋಲ್ಡರ್ ಇಡುತ್ತೇನೆ: ಭಜನೆ, ಹಳೆ ಸಿನಿಮಾ, ಜಾನಪದ, ಮಕ್ಕಳ ಹಾಡು. ಗಾಡಿ ಓಡಿಸುತ್ತಾ ನೂರೈವತ್ತು ಹಾಡು ದಾಟಿ ಬೇಕಾದ್ದನ್ನು ಹುಡುಕುವುದು ಅಪಾಯ. ಫೋಲ್ಡರ್ ಬಟನ್ ಒಂದು ಸಲ ಒತ್ತಿದರೆ ಹೋಗುವಂತಿರಬೇಕು.

ಶ್ರೀಕೃಷ್ಣ ಪಾರಿಜಾತದ ರಾತ್ರಿಯಿಡೀ ರೆಕಾರ್ಡಿಂಗ್ ಇಟ್ಟುಕೊಂಡವರು ನಮ್ಮ ಕಡೆ ಬೇಕಾದಷ್ಟು ಜನ. ಅಂಥದ್ದಕ್ಕೆ ಎಂಪಿ3 ಸಿಡಿಯೇ ಸರಿ. ಆದರೆ ಮೂರು ಗಂಟೆಯ ಒಂದೇ ಫೈಲ್ ಹಾಕಬೇಡಿ. ಗಾಡಿ ಆಫ್ ಮಾಡಿ ಮತ್ತೆ ಹಚ್ಚಿದಾಗ ಕೆಲವು ಸ್ಟೀರಿಯೋ ಫೈಲಿನ ಮೊದಲಿಗೇ ಹೋಗುತ್ತವೆ. ಕೊಲ್ಹಾರದಲ್ಲಿ ಮೊಸರಿಗೆ ಇಳಿದು ಹತ್ತಿದರೆ ಮತ್ತೆ ಗಣಪತಿ ಸ್ತುತಿಯಿಂದ ಶುರು! ಆಡಾಸಿಟಿ ಅನ್ನುವ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ಹತ್ತು ಹತ್ತು ನಿಮಿಷಕ್ಕೆ ತುಂಡು ಮಾಡಿ. ಕ್ಯಾಸೆಟ್‌ನಿಂದ ಕಂಪ್ಯೂಟರಿಗೆ ತುಂಬಿಸಲೂ ಅದೇ ಸಾಕು. ಟೇಪ್‌ನ ಲೈನ್ ಔಟ್ ಅನ್ನು ಕಂಪ್ಯೂಟರಿನ ನೀಲಿ ಲೈನ್ ಇನ್‌ಗೆ ಕೊಡಿ. ಗುಲಾಬಿ ಮೈಕ್ ತೂತಿಗೆ ಕೊಟ್ಟರೆ ಸದ್ದು ಒಡೆಯುತ್ತದೆ.

ಸದ್ದಿನ ಮಟ್ಟವೂ ಒಂದು ಸಮಸ್ಯೆ. ಕ್ಯಾಸೆಟ್‌ನಿಂದ ಬಂದ ಭಜನೆ ಪಿಸುಮಾತಿನಂತಿರುತ್ತದೆ, ಕೇಳಲಿ ಅಂತ ವಾಲ್ಯೂಮ್ ಏರಿಸುತ್ತೀರಿ, ಮುಂದಿನ ಡಿಜೆ ಹಾಡು ಬಂದು ಕಿವಿ ಹರಿಯುತ್ತದೆ. ಎಂಪಿ3ಗೇನ್ ಅನ್ನುವ ಹಳೆಯ ಪುಟ್ಟ ಸಾಫ್ಟ್‌ವೇರ್ ಇದೆ. ಎಲ್ಲ ಫೈಲ್ ಸೇರಿಸಿ 89 ಡೆಸಿಬೆಲ್‌ಗೆ ಸಮ ಮಾಡಿ. ಹಾಡಿನ ಗುಣ ಕೆಡುವುದಿಲ್ಲ.

ಆಡಿಯೋ ಸಿಡಿ ಬರ್ನ್ ಮಾಡುವುದು

ವಿಂಡೋಸ್ ಮೀಡಿಯಾ ಪ್ಲೇಯರ್ ಸಾಕು. ವಿಂಡೋಸ್ 11ರಲ್ಲಿ ಅದು 'ಲೆಗಸಿ' ಅನ್ನುವ ಬಾಲದ ಹೆಸರಲ್ಲಿ ಕೂತಿದೆ. ತೆರೆದು ಬಲಗಡೆ 'ಬರ್ನ್' ಒತ್ತಿ. ಅಲ್ಲಿ ಸಣ್ಣ ಟಿಕ್ ಇರುವ ಚೌಕ ಕಾಣುತ್ತದೆ, ಬರ್ನ್ ಆಪ್ಷನ್ ಅದು. ಒತ್ತಿ 'ಆಡಿಯೋ ಸಿಡಿ' ಅಂತ ಇದೆಯಾ ನೋಡಿ. 'ಡೇಟಾ ಸಿಡಿ' ಇದ್ದರೆ ಬದಲಿಸಿ. ಎಲ್ಲ ಸರಿ ಮಾಡಿ ಈ ಒಂದು ಟಿಕ್ ಮರೆತವರೇ ಜಾಸ್ತಿ.

ಹಾಡುಗಳನ್ನು ಎಳೆದು ಪಟ್ಟಿಗೆ ಹಾಕಿ. ಎಷ್ಟು ನಿಮಿಷ ಉಳಿದಿದೆ ಅಂತ ಮೇಲೆ ತೋರಿಸುತ್ತದೆ. ಪೂರ್ತಿ 80 ತುಂಬಬೇಡಿ, 72 ಅಥವಾ 74ಕ್ಕೆ ನಿಲ್ಲಿಸಿ. ಸಿಡಿ ಒಳಗಿನಿಂದ ಹೊರಕ್ಕೆ ಬರೆಯುತ್ತಾ ಹೋಗುತ್ತದೆ. ನಮ್ಮ ಬೆರಳು ತಾಗುವುದು, ಗೀರು ಬೀಳುವುದು ಎಲ್ಲ ಹೊರ ಅಂಚಿಗೆ. ಕೊನೆಯ ಎರಡು ಹಾಡು ಮಾತ್ರ ತೊದಲುವ ಸಿಡಿ ನೋಡಿದ್ದೀರಲ್ವಾ? ಕಾರಣ ಇದೇ.

ಈಗ ಆಪ್ಷನ್‌ಗಳ ಪಟ್ಟಿಯಲ್ಲಿ 'ಬರ್ನ್ ಸ್ಪೀಡ್' ಹುಡುಕಿ. 'ಫಾಸ್ಟೆಸ್ಟ್' ಇದ್ದರೆ 'ಮೀಡಿಯಂ' ಮಾಡಿ. ಅಂಕಿ ಕೇಳುವ ಸಾಫ್ಟ್‌ವೇರ್ ಆದರೆ 16ಎಕ್ಸ್, ಅಂದರೆ ಹಾಡುವ ವೇಗದ ಹದಿನಾರು ಪಟ್ಟು. ಡಿಸ್ಕ್ ಮೇಲೆ 52ಎಕ್ಸ್ ಅಂತ ಇದ್ದರೂ ಓಟ ಬೇಡ. 16ಎಕ್ಸ್‌ನಲ್ಲಿ 80 ನಿಮಿಷದ ಡಿಸ್ಕ್ ಐದಾರು ನಿಮಿಷದಲ್ಲಿ ಮುಗಿಯುತ್ತದೆ. ನಿಧಾನ ಒಳ್ಳೇದು ಅಂತ 2ಎಕ್ಸ್‌ಗೂ ಇಳಿಯಬೇಡಿ. ಈಗಿನ ಡಿಸ್ಕ್‌ಗಳ ಬಣ್ಣ ಅಷ್ಟು ನಿಧಾನಕ್ಕೆ ಮಾಡಿದ್ದಲ್ಲ.

ಅದೇ ಪಟ್ಟಿಯಲ್ಲಿ ಸದ್ದು ಸಮ ಮಾಡುವ ಟಿಕ್ ಇದೆ, ಹಾಕಿ. 'ವಿದೌಟ್ ಗ್ಯಾಪ್ಸ್' ಅಂತ ಇನ್ನೊಂದು ಟಿಕ್ ಇದೆ. ಸಿನಿಮಾ ಹಾಡಿಗೆ ಬೇಡ, ಹಾಡು ಹಾಡಿನ ನಡುವೆ ಎರಡು ಸೆಕೆಂಡ್ ಉಸಿರು ಇದ್ದರೆ ಚೆಂದ. ಆದರೆ ಉದ್ದದ ಸಂಗೀತಕ್ಕೆ ಬೇಕೇ ಬೇಕು. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ನಮ್ಮವರು ಅಂತ ನನಗೊಂದು ಜಂಬ. ಅವರ ಒಂದು ಕಛೇರಿಯನ್ನು ನಾಲ್ಕು ತುಂಡು ಮಾಡಿ ಆ ಟಿಕ್ ಹಾಕದೆ ಬರೆದುಬಿಟ್ಟೆ. ತಾನ್ ಮೇಲೇರುತ್ತಿದೆ, ತಟ್ಟನೆ ಎರಡು ಸೆಕೆಂಡ್ ಮೌನ, ಮತ್ತೆ ಅಲ್ಲಿಂದಲೇ ಶುರು. ಹಿಂದೆ ಕೂತಿದ್ದ ಅಕ್ಕ, 'ಯಾಕ, ಬಿಕ್ಕಳಿಕಿ ಬಂತೇನು?' ಅಂದಳು. ಡಿಸ್ಕ್ ನಂಬರ್ ಏಳು, ತೋಟಕ್ಕೆ.

ಇಷ್ಟಾದ ಮೇಲೆ 'ಸ್ಟಾರ್ಟ್ ಬರ್ನ್' ಒತ್ತಿ ಕೈ ಕಟ್ಟಿ ಕೂರಿ. ಆ ಐದು ನಿಮಿಷ ಅದೇ ಕಂಪ್ಯೂಟರಿನಲ್ಲಿ ವಿಡಿಯೋ ನೋಡುವುದು ಬೇಡ. ಕೊನೆಗೆ ಬಾರ್ ನಿಂತಂತೆ ಕಂಡರೂ ಎಜೆಕ್ಟ್ ಒತ್ತಬೇಡಿ. ಡಿಸ್ಕ್ ಬಾಗಿಲು ಹಾಕಿಕೊಳ್ಳುವ ಹೊತ್ತು ಅದು. ಅದಕ್ಕೆ ಫೈನಲೈಸ್ ಅನ್ನುತ್ತಾರೆ. ಅದು ಆಗದ ಡಿಸ್ಕ್ ಕಂಪ್ಯೂಟರಿನಲ್ಲಿ ಹಾಡೀತು, ಗಾಡಿಯಲ್ಲಿ ಹಾಡುವುದಿಲ್ಲ.

ಮ್ಯಾಕ್ ಇದ್ದವರು ಮ್ಯೂಸಿಕ್ ಆ್ಯಪ್‌ನಲ್ಲಿ ಪ್ಲೇಲಿಸ್ಟ್ ಮಾಡಿ ಫೈಲ್ ಮೆನುವಿನಿಂದ ಬರ್ನ್ ಮಾಡಬಹುದು. ಲಿನಕ್ಸ್‌ನಲ್ಲಿ ಬ್ರಸೇರೋ ಅಥವಾ ಕೆ3ಬಿ.

ಎಂಪಿ3 ಸಿಡಿ ಬರ್ನ್ ಮಾಡುವುದು

ಖಾಲಿ ಡಿಸ್ಕ್ ಹಾಕಿದ ಕೂಡಲೇ ವಿಂಡೋಸ್ ಒಂದು ಪ್ರಶ್ನೆ ಕೇಳುತ್ತದೆ: ಇದನ್ನು ಹೇಗೆ ಬಳಸುತ್ತೀರಿ? ಮೊದಲನೆಯದು 'ಯುಎಸ್‌ಬಿ ಫ್ಲ್ಯಾಶ್ ಡ್ರೈವ್ ತರ', ಎರಡನೆಯದು 'ಸಿಡಿ/ಡಿವಿಡಿ ಪ್ಲೇಯರ್ ಜೊತೆ'. ಎರಡನೆಯದನ್ನು ಒತ್ತಿ. ಮೊದಲನೆಯದು ಸುಲಭ ಅಂತ ಕಾಣುತ್ತದೆ, ಆದರೆ ಅದು ಬರೆಯುವ ರೀತಿಯೇ ಬೇರೆ. ಆ ರೀತಿ ಗಾಡಿ ಸ್ಟೀರಿಯೋಗೆ ಓದಲು ಬಾರದು. ನನ್ನ ಡಿಸ್ಕ್ ಐದು ಮತ್ತು ಆರು ಹೀಗೇ ಹೋದವು. ಮನೆಯ ಕಂಪ್ಯೂಟರಿನಲ್ಲಿ ಚೆನ್ನಾಗಿ ಹಾಡಿದವು, ಸಿಟ್ಟು ಬಂದದ್ದು ಅದಕ್ಕೇ.

ನನಗೆ ಇಷ್ಟವಾದದ್ದು ಇಮ್ಗ್‌ಬರ್ನ್ ಅನ್ನುವ ಸಾಫ್ಟ್‌ವೇರ್. ಪುಕ್ಕಟೆ, ಹಳೆಯದು, ನೋಡಲು ಚೆಂದವಿಲ್ಲ, ಕೆಲಸ ಮಾತ್ರ ಗಟ್ಟಿ. 'ರೈಟ್ ಫೈಲ್ಸ್/ಫೋಲ್ಡರ್ಸ್ ಟು ಡಿಸ್ಕ್' ಒತ್ತಿ, ನಿಮ್ಮ ನಾಲ್ಕು ಫೋಲ್ಡರ್ ಎಳೆದು ಹಾಕಿ. ಬಲಗಡೆ 'ಆಪ್ಷನ್ಸ್' ಟ್ಯಾಬ್‌ನಲ್ಲಿ ಫೈಲ್ ಸಿಸ್ಟಮ್ (ಡಿಸ್ಕ್ ಮೇಲೆ ಫೈಲ್ ಜೋಡಿಸುವ ರೀತಿ) ಅಂತ ಇದೆ, ಅಲ್ಲಿ 'ಐಎಸ್ಒ9660 + ಜೋಲಿಯಟ್' ಆರಿಸಿ. ಯುಡಿಎಫ್ ಇರುವ ಯಾವುದೂ ಬೇಡ. ಸ್ಪೀಡ್ 16ಎಕ್ಸ್. 'ವೆರಿಫೈ' ಟಿಕ್ ಇರಲಿ, ಬರೆದದ್ದನ್ನು ತಾನೇ ಓದಿ ನೋಡುತ್ತದೆ. ಹೊತ್ತು ದುಪ್ಪಟ್ಟು ಆಗುತ್ತದೆ, ಆಗಲಿ. ಕೊನೆಯಲ್ಲಿ ಡಿಸ್ಕ್ ಮುಚ್ಚುವುದನ್ನೂ ಅದೇ ಮಾಡುತ್ತದೆ.

ಇವತ್ತು ಅರ್ಧ ಬರೆದು ಮುಂದಿನ ವಾರ ಉಳಿದದ್ದು ಸೇರಿಸುವ ಯೋಚನೆ ಬೇಡ. ಬಹಳ ಸ್ಟೀರಿಯೋಗಳಿಗೆ ಮೊದಲ ಕಂತು ಮಾತ್ರ ಕಾಣುತ್ತದೆ.

ಡಿಸ್ಕ್ ಹೊರಬಂದಾಗ ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಒಳಗಿನಿಂದ ಒಂದು ಗಾಢ ಪಟ್ಟೆ ಶುರುವಾಗಿ ಎಲ್ಲೋ ಒಂದು ಕಡೆ ಗೆರೆ ಕೊರೆದಂತೆ ನಿಲ್ಲುತ್ತದೆ. ಬರೆದದ್ದು ಅಲ್ಲಿಯವರೆಗೆ, ಆಚೆಗೆ ಖಾಲಿ. ಪಟ್ಟೆ ಒಂದೇ ಸಮ ಇದ್ದರೆ ಒಳ್ಳೆ ಲಕ್ಷಣ. ನಡುವೆ ಕಾಮನಬಿಲ್ಲಿನ ಮಚ್ಚೆ ಕಂಡರೆ ಅದು ದ್ರಾಕ್ಷಿ ತೋಟದ ಡಿಸ್ಕ್.

ಹೆಸರು ಬರೆಯುವುದು, ಬಿಸಿಲು, ಧೂಳು

ಸ್ಟಿಕರ್ ಅಂಟಿಸಬೇಡಿ. ನಾನು ಅಂಟಿಸಿದೆ. ಏಪ್ರಿಲ್ ತಿಂಗಳು, ಸ್ಟೀರಿಯೋ ಒಳಗಿನ ಕಾವಿಗೆ ಗೋಂದು ಕರಗಿ ಕಾಗದದ ಮೂಲೆ ಎದ್ದಿತು, ಡಿಸ್ಕ್ ಒಳಗೇ ಕಚ್ಚಿಕೊಂಡಿತು. ಮೆಕ್ಯಾನಿಕ್ ಸ್ಟೀರಿಯೋ ಹೊರತೆಗೆದು ಬಿಚ್ಚಿ ಬಿಡಿಸುವಷ್ಟರಲ್ಲಿ ಅರ್ಧ ದಿನ. ಮೆತ್ತನೆ ತುದಿಯ ಸಿಡಿ ಮಾರ್ಕರ್ ತಂದು, ನಡುವಿನ ಪಾರದರ್ಶಕ ಬಳೆಯ ಮೇಲೆ ಚಿಕ್ಕದಾಗಿ ಬರೆಯಿರಿ. ಬಾಲ್ ಪೆನ್ ಬೇಡ. ಎಲ್ಲರೂ ಸಿಡಿಯ ಹೊಳೆಯುವ ಕೆಳಮೈಯನ್ನೇ ಕಾಪಾಡುತ್ತಾರೆ, ನಾಜೂಕು ಇರುವುದು ಮೇಲ್ಮೈ. ಕೆಳಗಡೆ ಒಂದು ಮಿಲಿಮೀಟರಿಗಿಂತ ದಪ್ಪ ಪ್ಲಾಸ್ಟಿಕ್ ಕಾವಲಿದೆ. ಮೇಲುಗಡೆ ಹಾಡಿನ ಪದರಕ್ಕೂ ನಿಮ್ಮ ಉಗುರಿಗೂ ನಡುವೆ ತೆಳು ಬಣ್ಣ ಅಷ್ಟೇ.

ವಿಜಯಪುರದ ಬೇಸಿಗೆ 40 ದಾಟುತ್ತದೆ. ಗಾಜು ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಲು ಆಗುವುದಿಲ್ಲ. ಅಲ್ಲಿ ಬಿಟ್ಟ ಸಿಡಿ ಬಾಗುತ್ತದೆ, ಬಣ್ಣವೂ ಮಾಸುತ್ತದೆ. ಸನ್ ವೈಸರ್‌ಗೆ ಸಿಗಿಸುವ ಪೌಚ್ ಇನ್ನೂ ಕೆಟ್ಟದ್ದು. ಸೀಟಿನ ಕೆಳಗೆ ದಪ್ಪ ಬಟ್ಟೆ ಚೀಲದಲ್ಲಿಡಿ. ಕಾದ ಕಾರು ಹತ್ತಿದ ಕೂಡಲೇ ಡಿಸ್ಕ್ ಹಾಕಬೇಡಿ, ಹತ್ತು ನಿಮಿಷ ಕಿಟಕಿ ತೆಗೆದು ಓಡಿಸಿ. ಎರೆ ಮಣ್ಣಿನ ಧೂಳು ಕೂತರೆ ಮೆತ್ತನೆ ಒಣ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರ ಒರೆಸಿ. ಗುಂಡಗೆ ತಿರುಗಿಸಿ ಒರೆಸಿದರೆ ಗೀರು ಹಾಡಿನ ಸಾಲಿನ ಉದ್ದಕ್ಕೇ ಬೀಳುತ್ತದೆ, ಅದನ್ನು ಸ್ಟೀರಿಯೋ ತಿದ್ದಿಕೊಳ್ಳಲಾರದು.

ಇಷ್ಟಾದರೂ ಹಾಡದಿದ್ದರೆ

ಅಂಗಡಿಯಿಂದ ತಂದ ಅಸಲಿ ಹಾಡಿನ ಸಿಡಿ ಒಂದನ್ನು ಹಾಕಿ ನೋಡಿ. ಅದೂ ಹಾಡದಿದ್ದರೆ ತಪ್ಪು ನಿಮ್ಮದಲ್ಲ, ಸ್ಟೀರಿಯೋದ ಲೇಸರ್ ಕಣ್ಣಿಗೆ ಧೂಳು ಕೂತಿದೆ ಅಥವಾ ವಯಸ್ಸಾಗಿದೆ. ಅಸಲಿ ಹಾಡಿ ನಿಮ್ಮದು ಹಾಡದಿದ್ದರೆ ಮುಂದೆ ಓದಿ.

ಡಿಸ್ಕ್ ಹಾಕಿದ ಕೂಡಲೇ ಉಗುಳಿದರೆ, ಅಥವಾ 'ನೋ ಡಿಸ್ಕ್' ಅಂದರೆ: ಡಿಸ್ಕ್ ಮುಚ್ಚಿಲ್ಲ (ಫೈನಲೈಸ್ ಆಗಿಲ್ಲ), ಇಲ್ಲವೇ ಅದು ಡಿವಿಡಿ ಅಥವಾ ಆರ್‌ಡಬ್ಲ್ಯೂ. ಹಾಡಿನ ಟೈಮ್ ಓಡುತ್ತದೆ, ಸದ್ದು ಮಾತ್ರ ಇಲ್ಲ ಅಂದರೆ: ಬರೀ ಆಡಿಯೋ ಸಿಡಿ ತಿಳಿದ ಸ್ಟೀರಿಯೋಗೆ ಎಂಪಿ3 ಡಿಸ್ಕ್ ಕೊಟ್ಟಿದ್ದೀರಿ. ಕೆಲವು ಹಾಡು ಮಾತ್ರ ಬಿಟ್ಟು ಹೋದರೆ ಆ ಫೈಲ್‌ಗಳು ಎಂಪಿ3 ಅಲ್ಲ. ಹಾಡಿನ ಟೈಮ್ ತಪ್ಪು ತೋರಿಸಿದರೆ ಅದು ವೇರಿಯಬಲ್ ಬಿಟ್‌ರೇಟ್ (ಹಾಡಿನ ಉದ್ದಕ್ಕೂ ಕೆಬಿಪಿಎಸ್ ಬದಲಾಗುವ) ಫೈಲ್, ಸದ್ದು ಸರಿ ಇದ್ದರೆ ಸುಮ್ನೆ ಬಿಟ್ಟುಬಿಡಿ. ನಿಂತ ಗಾಡಿಯಲ್ಲಿ ಹಾಡಿ ರಸ್ತೆ ಗುಂಡಿಗೆ ಮಾತ್ರ ತೊದಲಿದರೆ ಇನ್ನೂ ಕಡಿಮೆ ಸ್ಪೀಡಿನಲ್ಲಿ, ಬೇರೆ ಕಂಪನಿಯ ಡಿಸ್ಕ್‌ಗೆ ಬರೆದು ನೋಡಿ. ಹಾಗೆ ಬೇರೆ ಡಿಸ್ಕ್‌ಗೆ ಬರೆದದ್ದೇ ನನ್ನ ಹನ್ನೆರಡನೆಯದು. ಅದು ಕೃಷ್ಣೆಯ ಸೇತುವೆ ಮೇಲಿನ ಜೋಡಣೆಗಳ ಮೇಲೂ ಒಂದು ಅಕ್ಷರ ತಪ್ಪದೆ ಹಾಡಿತು.

ಆಮೇಲಿನ ಡಿಸ್ಕ್‌ಗಳೆಲ್ಲ ಹಾಡುತ್ತಿವೆ. ಮೊನ್ನೆ ತೋಟಕ್ಕೆ ಹೋದಾಗ ಮಾವ ಕೇಳಿದರು, 'ಯಾಕ್ರೀ ಅಳಿಯಂದ್ರ, ಈ ಸಲ ಒಂದೂ ಸಿಡಿ ಕೆಟ್ಟಿಲ್ಲೇನು? ಇನ್ನೂ ನಾಕ ಸಾಲು ಉಳದಾವ.'